ಲಾಲ್ ಬಹದ್ದೂರ್ ಶಾಸ್ತ್ರಿಗಳೂ ಸಿಂಹಳದಿಂದ ಬಂದ ನಮ್ಮ ನೆರೆಯವರೂ

ನಮ್ಮ ಸೀಮೆಯಲ್ಲಿ ಶಾಸ್ತ್ರಿಗಳೆಂದರೆ ಪಂಚಾಂಗ ನೋಡಿ ಮುಹೂರ್ತವಿಡುವವರು. ಲಾಲ್ ಬಹದ್ದೂರರ ಹೆಸರಿಗೆ ಸೇರಿಕೊಂಡ ಶಾಸ್ತ್ರಿಯೆಂಬುದು ವಂಶದಿಂದ ಬಂದುದೂ ಅಲ್ಲ, ಪೌರೋಹಿತ್ಯದಿಂದ ಬಂದುದೂ ಅಲ್ಲ. ಅದು ೧೯೨೫ರಲ್ಲಿ ಕಾಶೀ ವಿದ್ಯಾಪೀಠವು ಅವರಿಗಿತ್ತ ಪದವಿ. ನಮ್ಮ ವಿದ್ಯಾರ್ಥಿಗಳು ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುವಂತೆಯೇ ಅದು. ಜಾತಿಯನ್ನು ಸೂಚಿಸುವ ಕುಲನಾಮವನ್ನು ಅವರು ಎಳವೆಯಲ್ಲಿಯೇ ಬಿಟ್ಟಿದ್ದರು. ಬಿಟ್ಟ ಜಾಗದಲ್ಲಿ ಪದವಿ ಬಂದು ಕುಳಿತಿತು, ಮುಂದೆ ಅದೇ ಮನೆತನದ ಹೆಸರಾಯಿತು.

ಸಂಪಾದಕ ಮಿತ್ರರು ಮಹಾಪುರುಷರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಿರೆಂದಾಗ ನಾನು ಶಾಸ್ತ್ರಿಗಳನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಉಪ್ಪಿನಂಗಡಿಯಿಂದ ಕಡಬ, ಸುಳ್ಯಗಳ ಕಡೆಗೆ ಹೋಗುವಾಗ ರಸ್ತೆಯ ಇಕ್ಕೆಲಗಳಲ್ಲಿ ಸಾಲು ಸಾಲಾಗಿ ರಬ್ಬರ್ ಮರಗಳು ಕಾಣಸಿಗುತ್ತವೆ. ಅವುಗಳಲ್ಲಿ ಸರ್ಕಾರಿ ತೋಟಗಳೂ ಇವೆ; ಅಲ್ಲಿಯ ವಸತಿಗಳಲ್ಲಿ ತಮಿಳಾಡುವ ಸಂಸಾರಗಳಿವೆ. ಹಿರಿಯರು ಸಿಂಹಳದ ಮಾತೆತ್ತುತ್ತಾರೆ, ಮಕ್ಕಳು ತುಳುವಿನಲ್ಲಿ ಜಗಳವಾಡುತ್ತಾರೆ. ಈ ಜನ ಇಲ್ಲಿಗೆ ಹೇಗೆ ಬಂದರೆಂದು ತರಗತಿಯಲ್ಲಿ ಕೇಳಿದರೆ ಉತ್ತರ ಹೇಳುವವರು ಕಡಮೆ. ಉತ್ತರದ ಒಂದು ತುದಿ ಶಾಸ್ತ್ರಿಗಳ ಕೈಬರಹದಲ್ಲಿದೆ. ಅವರ ಜೀವನವನ್ನು ಬರೆಯುವವರು ಯುದ್ಧವನ್ನೂ ತಾಷ್ಕೆಂಟನ್ನೂ ವಿಸ್ತರಿಸಿ, ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುವುದನ್ನು ನೋಡಿದ್ದೇನೆ. ನಾನು ಅದನ್ನು ತಿರುಗುಮುರುಗು ಮಾಡಲಿದ್ದೇನೆ.

ಲಾಲ್ ಬಹದ್ದೂರರು ೧೯೦೪ರ ಅಕ್ಟೋಬರ್ ೨ರಂದು ಕಾಶಿಯ ಬಳಿಯ ಮುಘಲ್‌ಸರಾಯಿಯಲ್ಲಿ ಜನಿಸಿದರು. ಅದೊಂದು ದೊಡ್ಡ ರೈಲ್ವೆ ಜಂಕ್ಷನ್. ಈಗ ಆ ನಿಲ್ದಾಣದ ಹೆಸರೂ ಬದಲಾಗಿದೆ. ತಂದೆ ಶಾರದಾ ಪ್ರಸಾದರು ಶಾಲಾಮಾಸ್ತರರಾಗಿದ್ದು ಅನಂತರ ಅಲಹಾಬಾದಿನ ರೆವಿನ್ಯೂ ಕಛೇರಿಯಲ್ಲಿ ಗುಮಾಸ್ತರಾದವರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ರಾಮದುಲಾರಿ ದೇವಿಯವರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರು. ಗಂಡನನ್ನು ಕಳೆದುಕೊಂಡ ಹೆಂಗಸು ತವರಿನಲ್ಲಿ ಹೇಗೆ ಬದುಕಬೇಕಾಗುತ್ತದೆಂಬುದನ್ನು ನಮ್ಮ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ತನ್ನದಲ್ಲದ ಮನೆಯಲ್ಲಿ, ಇತರರ ಒಳ್ಳೆಯತನದ ಮೇಲೆ ಬೆಳೆದ ಹುಡುಗ ಅವರು. ಅವರ ಮುಂದಿನ ನಡವಳಿಕೆಯಲ್ಲಿ ಕಾಣುವ ಸಂಕೋಚಕ್ಕೂ ಬಿಗಿಗೂ ಮೂಲ ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ.

ಪ್ರೌಢಶಾಲೆ ಕಾಶಿಯಲ್ಲಿ. ೧೯೨೧ರಲ್ಲಿ, ಅಂತಿಮ ಪರೀಕ್ಷೆಗೆ ಕೆಲವೇ ತಿಂಗಳುಗಳಿರುವಾಗ, ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಶಾಲೆ ಬಿಟ್ಟರು. ಅದೇ ವರ್ಷ ಕಾಶೀ ವಿದ್ಯಾಪೀಠ ಆರಂಭವಾಯಿತು, ಹುಡುಗ ಅಲ್ಲಿ ಸೇರಿದ. ಪದವಿಯಾದ ಮೇಲೆ ಲಾಲಾ ಲಜಪತರಾಯರು ಕಟ್ಟಿದ ಲೋಕ ಸೇವಕ ಮಂಡಲದ ಸದಸ್ಯರಾಗಿ ಹರಿಜನರ ನಡುವೆ ಕೆಲಸ ಮಾಡಿದರು. ೧೯೨೮ರಲ್ಲಿ ಲಲಿತಾದೇವಿಯವರನ್ನು ವಿವಾಹವಾದರು. ಮಾವನ ಮನೆಯಿಂದ ಅವರು ತೆಗೆದುಕೊಂಡುದು ಒಂದು ಚರಕ ಮತ್ತು ಕೆಲವು ಗಜ ಖಾದಿ.

ಮುಂದಿನ ಹದಿನೈದು ವರ್ಷ ಜೈಲು ಮತ್ತು ಮನೆಯ ನಡುವೆ ಕಳೆಯಿತು. ಒಟ್ಟು ಏಳು ವರ್ಷಕ್ಕೆ ಕಡಮೆಯಿಲ್ಲದ ಕಾರಾಗೃಹವಾಸ. ಈ ಕಾಲದ ಎರಡು ಸಂಗತಿಗಳನ್ನು ಅವರ ಚರಿತ್ರಕಾರರೆಲ್ಲ ಹೇಳುತ್ತಾರೆ. ಮಗಳೊಬ್ಬಳು ಕಾಯಿಲೆ ಬಿದ್ದಾಗ ಸರ್ಕಾರವು ಹದಿನೈದು ದಿನಗಳ ಪೆರೋಲ್ ಕೊಟ್ಟಿತು. ಆದರೆ ಮಗು ತೀರಿಕೊಂಡಿತು. ಉತ್ತರಕ್ರಿಯೆ ಮುಗಿಸಿ, ಇನ್ನೂ ದಿನಗಳು ಉಳಿದಿರುವಾಗಲೇ, ಬಂದ ಕಾರಣ ಮುಗಿಯಿತೆಂದು ಜೈಲಿಗೆ ಹಿಂತಿರುಗಿದರು. ಮತ್ತೊಮ್ಮೆ ಮಗನಿಗೆ ಜ್ವರ. ಆಗ ದೊರೆತುದು ಒಂದು ವಾರ. ವಾರ ಮುಗಿದಾಗ ಹುಡುಗನ ಜ್ವರ ಇಳಿದಿರಲಿಲ್ಲ, ಅಪ್ಪ ಇರಬೇಕೆಂದು ಅವನು ಕಣ್ಣೀರಿಟ್ಟ. ಶಾಸ್ತ್ರಿಗಳು ಗಡುವಿಗೆ ಸರಿಯಾಗಿ ಹೊರಟುಹೋದರು. ಇದನ್ನು ಓದಿದಾಗ ಗೌರವವೂ ಬರುತ್ತದೆ, ಸ್ವಲ್ಪ ಭಯವೂ ಆಗುತ್ತದೆ. ತನಗೆ ಕೊಟ್ಟ ಕಾಲಾವಧಿಯನ್ನು ಒಂದು ಗಂಟೆಯೂ ಮೀರದ ಮನುಷ್ಯ, ಇತರರ ಕಾಲಾವಧಿಯನ್ನು ಗೊತ್ತುಮಾಡುವ ಸ್ಥಾನಕ್ಕೆ ಬಂದಾಗ ಏನು ಮಾಡುತ್ತಾನೆ? ನನ್ನ ಲೇಖನದ ಮುಖ್ಯ ಪ್ರಶ್ನೆ ಇದೇ.

ಸ್ವಾತಂತ್ರ್ಯ ಬಂದಾಗ ಅವರು ಸಂಯುಕ್ತ ಪ್ರಾಂತದಲ್ಲಿ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲ ಸೇರಿ ಪೋಲೀಸ್ ಮತ್ತು ಸಾರಿಗೆ ಖಾತೆಗಳನ್ನು ವಹಿಸಿಕೊಂಡರು. ಬಸ್ಸುಗಳಲ್ಲಿ ಹೆಂಗಸರನ್ನು ಕಂಡಕ್ಟರುಗಳಾಗಿ ನೇಮಿಸಿದುದೂ, ಗುಂಪು ಚದರಿಸಲು ಲಾಠಿಯ ಬದಲು ನೀರಿನ ಧಾರೆ ಬಳಸಲು ಹೇಳಿದುದೂ ಆಗಲೇ. ದೇಶವಿಭಜನೆಯ ಗಲಭೆಯೂ ನಿರಾಶ್ರಿತರ ಪ್ರವಾಹವೂ ಅವರ ಇಲಾಖೆಯ ಬಾಗಿಲಿಗೇ ಬಂದುವು. ೧೯೫೨ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಯಾದರು. ೧೯೫೬ರ ನವೆಂಬರಿನಲ್ಲಿ ಅರಿಯಲೂರಿನ ಬಳಿ ನೆರೆಯಿಂದ ಹಳಿ ಕುಸಿದು ತೂತುಕುಡಿಯ ಎಕ್ಸ್‌ಪ್ರೆಸ್ ಹೊಳೆಗೆ ಬಿತ್ತು. ನೂರ ನಲವತ್ತಕ್ಕೂ ಹೆಚ್ಚು ಜನ ಮಡಿದರು. ಹೊಣೆ ತಮ್ಮದೆಂದು ಶಾಸ್ತ್ರಿಗಳು ರಾಜೀನಾಮೆಯಿತ್ತರು. ಈ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ.

ಗೃಹಮಂತ್ರಿಯಾಗಿದ್ದು, ೧೯೬೩ರಲ್ಲಿ ಕಾಮರಾಜ ಯೋಜನೆಯಂತೆ ಅಧಿಕಾರ ಬಿಟ್ಟು, ೧೯೬೪ರ ಜನವರಿಯಲ್ಲಿ ಖಾತೆಯಿಲ್ಲದ ಮಂತ್ರಿಯಾಗಿ ಮರಳಿದರು. ಶ್ರೀನಗರದ ಹಜರತ್‌ಬಾಲ್ ಮಸೀದಿಯಿಂದ ಪವಿತ್ರ ಕೇಶ ಕಳವಾಗಿ ಕಾಶ್ಮೀರ ಹೊತ್ತಿ ಉರಿಯುತ್ತಿದ್ದ ದಿನಗಳವು. ನೆಹರೂ ಅವರು ಇವರನ್ನು ಅಲ್ಲಿಗೆ ಕಳುಹಿಸಿದರು, ಕಾಶ್ಮೀರ ಶಾಂತವಾಯಿತು. ಆದರೆ ಅದೇ ಕಿಡಿ ಪೂರ್ವ ಪಾಕಿಸ್ತಾನಕ್ಕೆ ಹಾರಿ ಅಲ್ಲಿಂದ ಹಿಂದೂ ನಿರಾಶ್ರಿತರು ಸಾಲುಗಟ್ಟಿ ಬರತೊಡಗಿದರು. ಮೇ ೨೭ರಂದು ನೆಹರೂ ತೀರಿಕೊಂಡರು. ಜೂನ್ ೯ರಂದು ಶಾಸ್ತ್ರಿಗಳು ಪ್ರಧಾನಿಯಾದರು, ಕೆಲವೇ ದಿನಗಳಲ್ಲಿ ಹೃದಯದ ಬೇನೆಯಿಂದ ಹಾಸಿಗೆ ಹಿಡಿದರು. ಬರ್ಮಾದಲ್ಲಿ ಜನರಲ್ ನೆ ವಿನ್‌ನ ಸರ್ಕಾರ ಅಂಗಡಿ ಮುಂಗಟ್ಟುಗಳನ್ನು ರಾಷ್ಟ್ರೀಕರಿಸಿ ಭಾರತೀಯರನ್ನು ಬರಿಗೈಯಲ್ಲಿ ಹಡಗು ಹತ್ತಿಸುತ್ತಿದ್ದುದೂ ಅದೇ ವರ್ಷ. ಪೂರ್ವದಿಂದ ಒಂದು, ಅದರಾಚೆಯಿಂದ ಒಂದು, ಹೀಗೆ ಎರಡು ಪ್ರವಾಹಗಳು ಹರಿಯುತ್ತಿರುವಾಗ ದಕ್ಷಿಣದ ಮೂರನೆಯ ಪ್ರಶ್ನೆ ಅವರ ಮೇಜಿಗೆ ಬಂದಿತು.

ಸಿಂಹಳದ ವಿಷಯವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರು ಅಲ್ಲಿನ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನು, ಅದಕ್ಕೆ ರೋಗ ತಗಲಿದ ಮೇಲೆ ಚಹವನ್ನು ಬೆಳೆಸಿದರು. ಕೆಲಸಕ್ಕೆ ಜನ ಹೋದುದು ತಿರುಚಿರಾಪಳ್ಳಿ, ಮಧುರೆ, ರಾಮನಾಥಪುರಗಳ ಬಡ ಹಳ್ಳಿಗಳಿಂದ. ನಮ್ಮ ಕಡೆಯವರು ಮೇಸ್ತ್ರಿಯ ಮುಂಗಡ ಹಣ ಪಡೆದು ಘಟ್ಟ ಹತ್ತಿ ಕೊಡಗಿನ ಕಾಫಿತೋಟಗಳಿಗೆ ಹೋಗುತ್ತಿದ್ದಂತೆಯೇ ಅವರು ಕಂಗಾಣಿಯ ಹಣ ಪಡೆದು ಸಮುದ್ರ ದಾಟಿದರು. ವ್ಯತ್ಯಾಸವಿಷ್ಟೆ: ನಮ್ಮವರು ಮಳೆಗಾಲಕ್ಕೆ ಹಿಂದಿರುಗಬಹುದಿತ್ತು, ಅವರು ಅಲ್ಲಿಯೇ ಲಯದ ಮನೆಗಳಲ್ಲಿ ಹುಟ್ಟಿ, ಹೆತ್ತು, ಸತ್ತರು.

೧೯೪೮ರ ಫೆಬ್ರವರಿ ೪ರಂದು ಸಿಂಹಳ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯಿದೆಯಂತೆ, ಪ್ರಜೆಯಾಗಬೇಕಾದರೆ ತಂದೆ, ಇಲ್ಲವೆ ಅಜ್ಜ ಮುತ್ತಜ್ಜಂದಿರು, ಆ ದ್ವೀಪದಲ್ಲಿಯೇ ಹುಟ್ಟಿದ್ದರೆಂದು ತೋರಿಸಬೇಕಾಯಿತು. ಲಯದಲ್ಲಿ ಹುಟ್ಟಿದ ಅಜ್ಜನ ಜನನಪತ್ರವನ್ನು ಎಲ್ಲಿಂದ ತರುವುದು? ೧೯೪೯ರಲ್ಲಿ ಇನ್ನೊಂದು ಬಾಗಿಲು ತೆರೆದರು: ಮದುವೆಯಾದವರಿಗೆ ಏಳು ವರ್ಷದ, ಆಗದವರಿಗೆ ಹತ್ತು ವರ್ಷದ ಸತತ ವಾಸವಿದ್ದರೆ ನೋಂದಣಿ, ಅರ್ಜಿಗೆ ಎರಡು ವರ್ಷದ ಗಡುವು. ಎಂಟು ಲಕ್ಷದಷ್ಟು ಜನ ಅರ್ಜಿಯೊಳಗೆ ಬಂದರು. ದೊರೆತುದು ಸುಮಾರು ೧ ಲಕ್ಷ ೩೪ ಸಾವಿರ ಮಂದಿಗೆ. ಮತದಾನದ ಹಕ್ಕೂ ಹೋಯಿತು. ಮೂರನೆಯ ದಾರಿ ಭಾರತದ ರಾಯಭಾರ ಕಛೇರಿಯಲ್ಲಿ, ನಮ್ಮ ಸಂವಿಧಾನದ ೮ನೆಯ ವಿಧಿಯಂತೆ, ಭಾರತೀಯನೆಂದು ಹೆಸರು ಬರೆಸುವುದು. ಬರೆಸಿದ ಕೂಡಲೆ ಅವನು ಹುಟ್ಟಿದ ನೆಲದಲ್ಲಿ ಪರದೇಶಿಯಾದ. ತಾತ್ಕಾಲಿಕ ವಾಸದ ಪರವಾನಗಿಯ ಮೇಲೆ ಇರತಕ್ಕವನಾದ. ಪರವಾನಗಿಗೆ ತಾರೀಖು ಇತ್ತು, ತಾರೀಖು ಮುಗಿದ ಮೇಲೆ ನವೀಕರಣ ಅಧಿಕಾರಿಯ ಮರ್ಜಿ. ಈ ಮೂರೂ ಇಲ್ಲದವನು ಯಾವ ದೇಶದವನೂ ಅಲ್ಲ. ೧೯೫೪ರಲ್ಲಿ ನೆಹರೂ ಮತ್ತು ಕೊಟೆಲಾವಾಲಾ ಒಂದು ಒಪ್ಪಂದ ಮಾಡಿಕೊಂಡರೂ ಗಂಟು ಬಿಡಲಿಲ್ಲ. ೧೯೫೬ರಲ್ಲಿ ಸಿಂಹಳ ಭಾಷೆಯೊಂದೇ ರಾಜಭಾಷೆಯಾಯಿತು. ೧೯೫೮ರಲ್ಲಿ ತಮಿಳರ ಮೇಲೆ ದೊಡ್ಡ ಗಲಭೆ ನಡೆಯಿತು. ಹೆದರಿದವನಿಗೆ ಓಡಲು ಊರು ಬೇಕು, ಊರಿದೆಯೆನ್ನಲು ಕಾಗದ ಬೇಕು.

ನೆಹರೂ ಅವರ ನಿಲುವು ತತ್ತ್ವದ್ದು. ಅಲ್ಲಿ ಹುಟ್ಟಿ ಬೆಳೆದವರು ಅಲ್ಲಿಯ ಪ್ರಜೆಗಳೇ, ಒಪ್ಪಿ ಬರುವವರನ್ನು ಬಿಟ್ಟು ಇತರರ ಹೊಣೆ ನಮ್ಮದಲ್ಲ ಎಂಬುದು ಅದರ ಸಾರ. ನ್ಯಾಯವಾದ ಮಾತು, ಆದರೆ ಹದಿನಾರು ವರ್ಷ ಕಳೆದರೂ ಆ ನ್ಯಾಯದಿಂದ ಲಯದ ಒಬ್ಬ ಕೂಲಿಗೂ ಒಂದು ಚೀಟಿ ದೊರೆಯಲಿಲ್ಲ. ಶಾಸ್ತ್ರಿಗಳು ತತ್ತ್ವಕ್ಕಿಂತ ಲೆಕ್ಕವನ್ನು ನೋಡುವವರು. ಅಕ್ಟೋಬರಿನಲ್ಲಿ ಅವರು ಕೈರೋದ ಅಲಿಪ್ತ ರಾಷ್ಟ್ರಗಳ ಸಮ್ಮೇಳನಕ್ಕೆ ಹೋಗಿಬಂದರು. ತಿಂಗಳ ಕೊನೆಯ ವಾರ ಸಿಂಹಳದ ಪ್ರಧಾನಿ ಶ್ರೀಮತಿ ಸಿರಿಮಾವೋ ಭಂಡಾರನಾಯಕೆಯವರು ದೆಹಲಿಗೆ ಬಂದರು. ೧೯೬೪ರ ಅಕ್ಟೋಬರ್ ೩೦ರಂದು ಪತ್ರವಿನಿಮಯವಾಯಿತು.

ಲೆಕ್ಕ ಹೀಗಿತ್ತು. ದೇಶವಿಲ್ಲದವರು ೯ ಲಕ್ಷ ೭೫ ಸಾವಿರ. ೫ ಲಕ್ಷ ೨೫ ಸಾವಿರ ಮಂದಿಯನ್ನು ಭಾರತ ತೆಗೆದುಕೊಳ್ಳುವುದು, ೩ ಲಕ್ಷ ಮಂದಿಗೆ ಸಿಂಹಳ ಪೌರತ್ವ ಕೊಡುವುದು, ಉಳಿದ ೧ ಲಕ್ಷ ೫೦ ಸಾವಿರದ ಮಾತು ಮುಂದಕ್ಕೆ. ಹದಿನೈದು ವರ್ಷಗಳಲ್ಲಿ, ಏಳಕ್ಕೆ ನಾಲ್ಕರಂತೆ, ಕೆಲಸ ಮುಗಿಯಬೇಕು. ಹೊರಡುವ ಸರದಿ ಬರುವ ತನಕ, ಇಲ್ಲವೆ ೫೫ ವಯಸ್ಸಾಗುವ ತನಕ, ಇದ್ದ ಉದ್ಯೋಗದಲ್ಲಿಯೇ ಇರಬಹುದು. ತಮ್ಮ ಗಳಿಕೆಯನ್ನು ಕೊಂಡೊಯ್ಯಬಹುದು. ಒಂದು ಸಂಸಾರಕ್ಕೆ ಆ ಮಿತಿಯನ್ನು ನಾಲ್ಕು ಸಾವಿರ ರೂಪಾಯಿಗಿಂತ ಕೆಳಗಿಳಿಸಕೂಡದು. ಈ ಕೊನೆಯ ಷರತ್ತುಗಳನ್ನು ಓದುವಾಗ, ಮೇಜಿನ ಒಂದು ಪಕ್ಕದಲ್ಲಿ ಬಡತನವನ್ನು ಬಲ್ಲವರೊಬ್ಬರು ಕುಳಿತಿದ್ದರೆಂದು ನನಗೆ ತೋರುತ್ತದೆ.

ಆದರೆ ಕೇಳದೆ ಹೋದುದು ಯಾರನ್ನು? ಆ ೯ ಲಕ್ಷ ೭೫ ಸಾವಿರ ಮಂದಿಯನ್ನು. ತೋಟದ ಕಾರ್ಮಿಕರ ನಾಯಕರಾಗಿದ್ದ ಸೌಮ್ಯಮೂರ್ತಿ ತೊಂಡಮಾನರು ಒಪ್ಪಂದವನ್ನು ಬಲವಾಗಿ ವಿರೋಧಿಸಿದರು. ಜನರನ್ನು ಸರಕಿನಂತೆ ಹಂಚಿಕೊಂಡರೆಂಬುದು ವಿರೋಧದ ತಿರುಳು. ಅದು ಸುಳ್ಳಲ್ಲವೆಂಬುದು ಬಳಿಕ ಅಂಕಿಗಳಿಂದಲೇ ತಿಳಿಯಿತು. ೧೯೬೮ರಿಂದ ೧೯೭೦ರ ವರೆಗೆ ಅರ್ಜಿ ಕರೆದಾಗ ಸಿಂಹಳದ ಪೌರತ್ವ ಬೇಡಿದವರು ಸುಮಾರು ಏಳು ಲಕ್ಷ, ಭಾರತದ್ದನ್ನು ಬೇಡಿದವರು ಸುಮಾರು ನಾಲ್ಕು ಲಕ್ಷ. ಒಪ್ಪಂದದ ತಕ್ಕಡಿ ಒಂದು ಕಡೆ ವಾಲಿದ್ದರೆ ಜನರ ಮನಸ್ಸು ಮತ್ತೊಂದು ಕಡೆ ವಾಲಿತ್ತು.

ಶಾಸ್ತ್ರಿಗಳನ್ನು ಇದಕ್ಕಾಗಿ ಹಳಿಯುವವರಿದ್ದಾರೆ. ನೆರೆಯ ಸ್ನೇಹಕ್ಕಾಗಿ ತಮಿಳು ಕೂಲಿಗಳನ್ನು ಬಲಿಗೊಟ್ಟರೆನ್ನುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಸಹಿಯಾದ ದಿನದಿಂದ ಐದು ಲಕ್ಷಕ್ಕೂ ಮಿಕ್ಕಿದ ಜನಕ್ಕೆ, ಕರೆದರೆ ಓಗೊಡಬೇಕಾದ ಒಂದು ಸರ್ಕಾರವಿತ್ತು. ೧೯೭೭ರಲ್ಲಿಯೂ ೧೯೮೩ರಲ್ಲಿಯೂ ಲಯಗಳಿಗೆ ಬೆಂಕಿ ಬಿದ್ದಾಗ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದವನಿಗೂ ಏನೂ ಇಲ್ಲದವನಿಗೂ ಅಂತರವಿತ್ತು. ಸಂಖ್ಯೆಯನ್ನು ಮೊದಲು ಬರೆದು ಮನುಷ್ಯನನ್ನು ಆಮೇಲೆ ಕೇಳಿದುದು ಮಾತ್ರ ತಪ್ಪೆಂದೇ ನನ್ನ ಮತ. ಪೆರೋಲಿನ ಗಡುವನ್ನು ತಾನಾಗಿ ಒಪ್ಪಿಕೊಂಡು ಪಾಲಿಸಿದುದು ದೊಡ್ಡತನ. ಇನ್ನೊಬ್ಬನ ಬಾಳಿಗೆ ಹದಿನೈದು ವರ್ಷದ ಗಡುವನ್ನು ಅವನಿಲ್ಲದಾಗ ಬರೆಯುವುದು ಅದೇ ಗುಣವಲ್ಲ.

ಪತ್ರವಿನಿಮಯವಾಗಿ ಎರಡು ತಿಂಗಳಾಗುವ ಮೊದಲೇ, ಡಿಸೆಂಬರ್ ೨೨ರ ರಾತ್ರಿ, ಚಂಡಮಾರುತವು ಧನುಷ್ಕೋಡಿಯನ್ನು ರೈಲು ಸಹಿತ ಸಮುದ್ರಕ್ಕೆ ಎಳೆದುಕೊಂಡಿತು. ಸಿಂಹಳಕ್ಕೆ ಹೋಗಿ ಬರುವ ಹಡಗು ನಿಲ್ಲುತ್ತಿದ್ದುದು ಅಲ್ಲಿಯೇ. ಬರಬೇಕಾದವರು ಬರುವ ಮುನ್ನ ಬಂದರೇ ಹೋಯಿತು.

ಆಮೇಲಿನದು ಎಲ್ಲರೂ ಬಲ್ಲ ಕಥೆ. ೧೯೬೫ರ ಆಹಾರದ ಅಭಾವ, ಸೋಮವಾರ ಸಂಜೆಯ ಉಪವಾಸ, ಕಚ್ಛದ ರಣ, ಸೆಪ್ಟೆಂಬರಿನ ಯುದ್ಧ, ಸೈನಿಕನನ್ನೂ ರೈತನನ್ನೂ ಜೊತೆಗೂಡಿಸಿ ಅವರು ಎತ್ತಿದ ಘೋಷಣೆ. ಡಿಸೆಂಬರಿನಲ್ಲಿ ರಂಗೂನಿಗೂ ಹೋಗಿಬಂದರು. ೧೯೬೬ರ ಜನವರಿ ೧೦ರಂದು ತಾಷ್ಕೆಂಟಿನಲ್ಲಿ ಅಯೂಬ್ ಖಾನರೊಡನೆ ಸಂಧಿಪತ್ರಕ್ಕೆ ಸಹಿ ಮಾಡಿದರು. ಅದೇ ರಾತ್ರಿ, ೧೧ನೆಯ ತಾರೀಖು ಹುಟ್ಟಿದ ಕೆಲವು ಗಳಿಗೆಗಳಲ್ಲಿ, ಅಲ್ಲಿಯೇ ಹೃದಯ ನಿಂತಿತು. ಪ್ರಧಾನಿಯಾಗಿದ್ದುದು ಹತ್ತೊಂಬತ್ತು ತಿಂಗಳು. ಮಕ್ಕಳ ಒತ್ತಾಯಕ್ಕೆ ಕೊಂಡಿದ್ದ ಫಿಯೆಟ್ ಕಾರಿನ ೫ ಸಾವಿರ ರೂಪಾಯಿ ಸಾಲವನ್ನು ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು.

ಒಪ್ಪಂದವನ್ನು ಜಾರಿಗೊಳಿಸುವ ಕಾಯಿದೆ ಸಿಂಹಳದಲ್ಲಿ ಆದುದು ೧೯೬೭ರಲ್ಲಿ. ರಾಮೇಶ್ವರಕ್ಕೂ ತಲೈಮನ್ನಾರಿಗೂ ನಡುವೆ ಹಡಗು ಓಡಾಡಿತು. ಬಂದವರನ್ನು ಇಳಿಸಿದುದು ಮಂಟಪಂ ಶಿಬಿರದಲ್ಲಿ. ಅಜ್ಜಂದಿರು ಸಿಂಹಳಕ್ಕೆ ಹೋಗುವಾಗ ರೋಗವಿಲ್ಲವೆಂದು ನೋಡಲು ಕೂಡಿಹಾಕಿದುದೂ ಅಲ್ಲಿಯೇ. ಅಲ್ಲಿಂದ ಕೆಲವರು ನೀಲಗಿರಿಯ ಚಹ ತೋಟಗಳಿಗೆ, ಕೆಲವರು ಕೇರಳದ ಪುನಲೂರಿನ ರಬ್ಬರ್ ತೋಟಕ್ಕೆ, ಕೆಲವರು ನಮ್ಮ ಸುಳ್ಯ ಪುತ್ತೂರುಗಳಿಗೆ. ಅರಣ್ಯ ಇಲಾಖೆ ಆರಂಭಿಸಿದ್ದ ರಬ್ಬರ್ ನೆಡುತೋಪುಗಳು ೧೯೭೧ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮದ ಕೈಸೇರಿದ್ದುವು. ಚಹದ ಕುಡಿ ಚಿವುಟಿ ಬಲ್ಲ ಬೆರಳುಗಳು ಇಲ್ಲಿ ನಸುಕಿಗೆ ಎದ್ದು ಮರದ ತೊಗಟೆ ಕೊಯ್ಯಲು ಕಲಿತುವು. ಅಲ್ಲಿಯ ಬೆಟ್ಟದ ಚಳಿಗೆ ಒಗ್ಗಿದವರಿಗೆ ಕುಮಾರಧಾರೆಯ ಸೀಮೆಯ ಮಳೆ, ಜಿಗಣೆ, ಬೇಸಗೆಯ ಬೆವರು ಎಲ್ಲವೂ ಹೊಸದು.

೧೯೭೪ರಲ್ಲಿ ಸಿರಿಮಾವೋ ಮತ್ತು ಇಂದಿರಾ ಗಾಂಧಿ ಉಳಿದ ಒಂದೂವರೆ ಲಕ್ಷವನ್ನು ಸಮಪಾಲು ಮಾಡಿಕೊಂಡರು. ೧೯೮೪ರಲ್ಲಿ ಯುದ್ಧದಿಂದಾಗಿ ಹಡಗು ನಿಂತಿತು. ಅಷ್ಟರೊಳಗೆ ಮಕ್ಕಳು ಮರಿಗಳು ಸೇರಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಭಾರತದ ಪಾಸ್‌ಪೋರ್ಟ್ ಪಡೆದೂ ಹಡಗು ಸಿಗದೆ, ವೀಸಾ ಮುಗಿದು, ಅಲ್ಲಿಯೇ ಉಳಿದವರು ಎಂಬತ್ತು ಸಾವಿರಕ್ಕೂ ಮಿಕ್ಕಿದ್ದರು. ಅವರ ಪ್ರಶ್ನೆಯನ್ನು ಶ್ರೀಲಂಕೆಯ ಪಾರ್ಲಿಮೆಂಟು ೨೦೦೩ರ ಕಾಯಿದೆಯಿಂದ ಬಗೆಹರಿಸಿತು. ಯಾವ ದಿನದಿಂದ ದ್ವೀಪದ ಖಾಯಂ ನಿವಾಸಿಯಾಗಿದ್ದವನೂ ಅವನ ಸಂತತಿಯೂ ಪೌರರಾಗಬಹುದೆಂದು ಅದರಲ್ಲಿ ಬರೆದಿದೆಯೋ ಆ ದಿನ ೧೯೬೪ರ ಅಕ್ಟೋಬರ್ ೩೦.

ಸುಳ್ಯಕ್ಕೆ ಬಂದವರಿಗೆ ಪೌರತ್ವದ ತೊಡಕಿಲ್ಲ, ಅವರು ಭಾರತೀಯರಾಗಿಯೇ ಬಂದವರು. ತೊಡಕು ಬೇರೆಡೆ ಇದೆ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದರಂತೆ ಇರುವುದು, ರಾಷ್ಟ್ರಪತಿಗಳ ಆಜ್ಞೆ ಹೊರಟುದು ೧೯೫೦ರಲ್ಲಿ. ಆ ವರ್ಷ ಯಾವ ರಾಜ್ಯದಲ್ಲಿದ್ದಿರೆಂಬುದು ಮುಖ್ಯವಾಗುತ್ತದೆ. ಈ ಸಂಸಾರಗಳು ಆ ವರ್ಷ ಯಾವ ರಾಜ್ಯದಲ್ಲಿಯೂ ಇರಲಿಲ್ಲ, ಸಿಂಹಳದ ಲಯದಲ್ಲಿದ್ದುವು. ನನ್ನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಗೆ ಜಾತಿಯ ಪ್ರಮಾಣಪತ್ರ ತರಲು ಮೂರು ಸಲ ಕಛೇರಿಗೆ ಅಲೆದಳು. ಅವಳು ತೋರಿಸಿದ ಕಾಗದಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಜ್ಜಿಯ ಕುಟುಂಬ ಕಾರ್ಡು. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಕಾಗದ ಅಂಟಿಸಿದ್ದು. ಅದರಲ್ಲಿ ಸಂಸಾರದವರ ಹೆಸರುಗಳಿದ್ದುವು, ಹಡಗು ಇಳಿದ ತಾರೀಖಿತ್ತು. ಜಾತಿಯ ಕಾಲಂ ಇರಲಿಲ್ಲ.